ಎಂಟು ವರ್ಷಕ್ಕೆ ಒಂದು ಸಾಲು

ನಾನು ನೋಯ್ಡಾಕ್ಕೆ ಬಂದ ಮಾರನೆಯ ದಿನ ಅಲ್ಲಿ ಬೆಳಕೇ ಹರಿಯಲಿಲ್ಲ. ಮೊಬೈಲು ಎಂಟು ಗಂಟೆ ತೋರಿಸುತ್ತಿತ್ತು. ಕಿಟಕಿ ತೆಗೆದರೆ ಎದುರು ಮನೆಯ ಗೋಡೆ ಕಾಣೆಯಾಗಿತ್ತು; ಹಿಂದಿನ ಸಂಜೆ ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರವಿದ್ದ ಗೋಡೆ ಅದು. ಬೂದಿ ಬಣ್ಣದ ದಟ್ಟ ಗಾಳಿ ಕೋಣೆಯೊಳಗೆ ನುಗ್ಗಿತು. ಅದರಲ್ಲಿ ಸುಟ್ಟ ಟೈರಿನ ವಾಸನೆ ಇತ್ತು. ಎಲ್ಲೋ ಬೆಂಕಿ ಬಿದ್ದಿದೆ ಎಂದುಕೊಂಡು, ಸರ್ಟಿಫಿಕೇಟುಗಳಿದ್ದ ಬ್ಯಾಗನ್ನು ಎದೆಗವಚಿಕೊಂಡು, ಬರಿಗಾಲಲ್ಲೇ ಮೆಟ್ಟಿಲಿಳಿದು ಓಡಿದೆ. ಕೆಳಗೆ ಮನೆಯ ಮಾಲೀಕ ಕಂಬಳಿ ಹೊದ್ದು, ಹಳೆ ಹಲಗೆ, ಪ್ಲಾಸ್ಟಿಕ್ಕು ಎಲ್ಲ ಸೇರಿಸಿ ಹಾಕಿದ ಬೆಂಕಿಯ ಮುಂದೆ ಕೂತು ಚಹಾ ಕುಡಿಯುತ್ತಿದ್ದ. ನನ್ನ ಕಾಲು ನೋಡಿ, ಮುಖ ನೋಡಿ, "ಕೋಹ್ರಾ ಹೈ" ಎಂದ.

ಕೋಹ್ರಾ ಅಂದರೆ ಮಂಜು. ನಮ್ಮಲ್ಲೂ ಮಂಜು ಬೀಳುತ್ತದೆ. ಚಳಿಗಾಲದ ಬೆಳಗ್ಗೆ ಕೊಟ್ಟೂರಿನ ಕೆರೆಯ ಮೇಲೆ ತೆಳ್ಳಗೆ ಮಲಗಿರುತ್ತದೆ, ಬಿಸಿಲು ಬಂದ ಕೂಡಲೇ ಎದ್ದು ಹೋಗುತ್ತದೆ. ಇಲ್ಲಿಯದು ಏಳುವುದಿಲ್ಲ. ಮಧ್ಯಾಹ್ನದವರೆಗೆ ಇರುತ್ತದೆ, ಕೆಲವು ದಿನ ಮಧ್ಯಾಹ್ನವನ್ನೂ ನುಂಗಿ ಸಂಜೆಗೆ ಸೇರಿಕೊಳ್ಳುತ್ತದೆ. ಮೂಗು ಸೀಟಿದರೆ ಕರ್ಚೀಫು ಕಪ್ಪಾಗುತ್ತದೆ. ಆ ಚಳಿಗಾಲದಲ್ಲಿ ನನಗೆ ಬಂದ ಕೆಮ್ಮು ಹೋಳಿ ಹುಣ್ಣಿಮೆ ಕಳೆದ ಮೇಲೆ ಹೋಯಿತು.

ಹೆಸರು ಹೇಳುವುದನ್ನು ಮರೆತೆ. ನಾನು ಕೊಟ್ಟೂರಿನವಳು, ಹೆಸರೂ ಊರ ದೇವರದೇ: ಕೊಟ್ರಮ್ಮ. ನಮ್ಮ ಅಪ್ಪನಿಗೆ ಮನೆಯ ಮುಂದಿನ ಕೋಣೆಯಲ್ಲಿ ರೇಡಿಯೋ, ಟಿವಿ ರಿಪೇರಿ ಅಂಗಡಿ ಇತ್ತು. ಬೆನ್ನು ಬಿಚ್ಚಿದ ಟಿವಿಗಳ ನಡುವೆ, ಬೆಸುಗೆಯ ಹೊಗೆಯಲ್ಲಿ ಬೆಳೆದೆ. ಅಪ್ಪ ನನ್ನನ್ನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾಕ್ಕೆ ಹಾಕಿ, ಅದು ಮುಗಿಯುವ ಮೊದಲೇ ತೀರಿಕೊಂಡ. ಕೊನೆಯ ವರ್ಷದ ಫೀಸು ಕಟ್ಟಿದವನು ಅಣ್ಣ ಮಂಜುನಾಥ. ಅಂಗಡಿಯನ್ನೂ ಅವನೇ ನಡೆಸಿದ. ಆಮೇಲೆ ನನ್ನನ್ನು ಹಡಗಲಿಯ ವೀರೇಶನಿಗೆ ಕೊಟ್ಟರು. ಅವರದು ಮಲ್ಲಿಗೆ ತೋಟದ ಮನೆ, ಆದರೆ ವೀರೇಶನಿಗೆ ಮಲ್ಲಿಗೆಯ ಹುಚ್ಚಿರಲಿಲ್ಲ. ಅವನು ಒಂದು ಟಿವಿ ಚಾನೆಲ್ಲಿನ ಗಾಡಿಯಲ್ಲಿ ಟೆಕ್ನಿಷಿಯನ್. ತಲೆಯ ಮೇಲೆ ಡಿಶ್ ಹೊತ್ತ ಆ ಗಾಡಿಯನ್ನು ನೀವೂ ನೋಡಿರುತ್ತೀರಿ. ಎಲ್ಲಿ ಸುದ್ದಿಯೋ ಅಲ್ಲಿಗೆ ಹೋಗಿ, ಡಿಶ್ ಎತ್ತಿ, ಚಿತ್ರವನ್ನು ಉಪಗ್ರಹಕ್ಕೆ ಕಳಿಸುತ್ತದೆ. ಅವನು ಹೆಚ್ಚು ದಿನ ರಸ್ತೆಯ ಮೇಲೆಯೇ ಇರುತ್ತಿದ್ದುದರಿಂದ ನಾನು ತವರಿನಲ್ಲೇ ಉಳಿದೆ. ಮಗಳು ಪಲ್ಲವಿ ಅಲ್ಲೇ ಹುಟ್ಟಿದಳು. ಅವಳಿಗೆ ಏಳು ವರ್ಷವಾದಾಗ, ಕಾನಹೊಸಹಳ್ಳಿಯ ಹತ್ತಿರ ಹೆದ್ದಾರಿಯ ಪಕ್ಕ ನಿಂತಿದ್ದ ಆ ಗಾಡಿಗೆ ಲಾರಿಯೊಂದು ಹಿಂದಿನಿಂದ ಗುದ್ದಿತು. ವೀರೇಶ ಗಾಡಿಯೊಳಗೆ ಕೇಬಲ್ಲು ಸುತ್ತುತ್ತಿದ್ದನಂತೆ.

ಹಡಗಲಿಯ ಮಾವನವರು, "ಇಲ್ಲೇ ಇರವ್ವಾ, ಮಲ್ಲಿಗಿ ಬಿಡಿಸ್ಕೊಂಡು ಹೆಂಗೋ ಜೀವನ ಆಗ್ತೈತಿ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ವೀರೇಶನ ಕಂಪನಿಯವರು ನನ್ನ ಡಿಪ್ಲೊಮಾ ನೋಡಿ ಒಂದು ಕೆಲಸ ಕೊಡುತ್ತೇವೆ ಎಂದರು, ಆದರೆ ನೋಯ್ಡಾದ ಮುಖ್ಯ ಕಚೇರಿಯಲ್ಲಿ, ಅದೂ ಗುತ್ತಿಗೆಯ ಮೇಲೆ. ಬೇರೆ ಕಡೆ ಜಾಗ ಇಲ್ಲ. ಮಗಳನ್ನು ಅವ್ವನ ಹತ್ತಿರ ಬಿಟ್ಟು ಬಂದೆ. ಕೆಲಸ ಗಟ್ಟಿಯಾದ ಮೇಲೆ ಕರೆದುಕೊಳ್ಳುವುದು ಎಂಬ ಮಾತಾಗಿತ್ತು.

ನನ್ನ ಕೆಲಸದ ಜಾಗಕ್ಕೆ ಎಂಸಿಆರ್ ಅನ್ನುತ್ತಾರೆ. ಚಾನೆಲ್ಲಿನ ಚಿತ್ರ, ಧ್ವನಿ ಎಲ್ಲ ಕೊನೆಯಲ್ಲಿ ಬಂದು ಸೇರಿ, ಅಲ್ಲಿಂದ ಆಕಾಶಕ್ಕೆ ಹೋಗುವ ಕೋಣೆ. ಅದಕ್ಕೆ ಕಿಟಕಿ ಇಲ್ಲ. ಗೋಡೆ ತುಂಬ ಪರದೆಗಳು. ಮೇ ತಿಂಗಳ ಬೆಂಕಿ ಬಿಸಿಲಿನಲ್ಲೂ ಒಳಗೆ ಸ್ವೆಟರ್ ಬೇಕು, ಯಂತ್ರಗಳಿಗೆ ಸೆಕೆಯಾಗಬಾರದಲ್ಲ. ನಮ್ಮಂಥವರು ಪರದೆ ನೋಡುತ್ತಾ ಕೂರಬೇಕು. ಚಿತ್ರ ಒಡೆದರೆ, ಧ್ವನಿ ನಿಂತರೆ, ಜನ ಬೈಯುವ ಮೊದಲೇ ಬದಲಿ ದಾರಿಗೆ ಹೊರಳಿಸಬೇಕು. ಊರಿನಲ್ಲಿ ಟಿವಿ ಕೆಟ್ಟರೆ ಅದರ ತಲೆಗೆ ಎರಡು ಬಡಿಯುತ್ತಿದ್ದೆವು. ಇಲ್ಲಿ ಬಡಿಯುವುದಕ್ಕೆ ಟಿವಿಯೇ ಇರಲಿಲ್ಲ.

ನಾನಿದ್ದದ್ದು ನಗರ ನುಂಗಿದ ಒಂದು ಹಳ್ಳಿಯಲ್ಲಿ. ಸುತ್ತ ಗಾಜಿನ ಕಟ್ಟಡಗಳು, ನಡುವೆ ಹಳ್ಳಿ. ಅಲ್ಲಿಯವರು ಹೊಲ ಕೊಟ್ಟು, ಉಳಿದ ಜಾಗದಲ್ಲಿ ಗೂಡಿನ ಮೇಲೆ ಗೂಡು ಕಟ್ಟಿ ನಮ್ಮಂಥವರಿಗೆ ಬಾಡಿಗೆಗೆ ಕೊಟ್ಟಿದ್ದಾರೆ. ಬಂದ ದಿನ ಕೋಣೆ ಕೇಳಲು ಹೋದಲ್ಲೆಲ್ಲ ಮೊದಲ ಪ್ರಶ್ನೆ, "ಅಕೇಲಿ?" ಒಬ್ಬಳೇನಾ? ಹೌದು ಎಂದರೆ ಕೆಲವರು ಬಾಗಿಲು ಹಾಕಿದರು. ನನಗೆ ಬರುತ್ತಿದ್ದದ್ದು ಕೊಟ್ಟೂರು ಸಂತೆಯ ಹಿಂದಿ. ನಮ್ಮ ಮನೆಯ ಹಿಂದಿದ್ದ ಬಳೆಗಾರ ಸಾಬರ ಹೆಣ್ಣುಮಕ್ಕಳಿಂದ ಕಲಿತದ್ದು. ಬೇಡ ಅನ್ನುವುದಕ್ಕೆ "ನಕ್ಕೋ" ಎಂದರೆ ತರಕಾರಿಯವನು ಪಕ್ಕದವರನ್ನು ಕರೆದು ಇನ್ನೊಮ್ಮೆ ಹೇಳಿಸಿ ನಕ್ಕ. ಬರುತ್ತೇನೆ ಅನ್ನುವುದಕ್ಕೆ ಹೆಂಗಸು "ಆತೀ ಹೂಂ" ಅನ್ನಬೇಕು. ನಾನು ಬಹಳ ದಿನ ಗಂಡಸಿನ ಹಾಗೆ "ಆತಾ ಹೂಂ" ಎಂದೇ ಹೇಳುತ್ತಿದ್ದೆ. ಕೊಟ್ರಮ್ಮ ಎಂಬ ಹೆಸರು ಯಾರ ಬಾಯಿಗೂ ಹೊಂದಲಿಲ್ಲ. ಕೊನೆಗೆ ಎಲ್ಲರಿಗೂ ನಾನು "ಮದ್ರಾಸಿ ಮೇಡಂ" ಆದೆ. ಮದ್ರಾಸು ನಮ್ಮೂರಿಗೆ ಎಷ್ಟು ದೂರ ಎಂದು ಹೇಳಿ ಹೇಳಿ ಬಿಟ್ಟುಬಿಟ್ಟೆ.

ಆ ವರ್ಷ ನನಗೆ ಸಿಕ್ಕ ದೊಡ್ಡ ಗೆಲುವು ಸಜ್ಜೆ ಹಿಟ್ಟು. ಚಳಿಗಾಲ ಬಂದರೆ ಅಲ್ಲಿಯವರೂ ಸಜ್ಜೆ ತಿನ್ನುತ್ತಾರೆ, ಬಾಜ್ರಾ ಅನ್ನುತ್ತಾರೆ. ಗಿರಣಿಯ ಮುಂದೆ ಆ ಹಸಿರು ಮಿಶ್ರಿತ ಬೂದಿ ಬಣ್ಣದ ಹಿಟ್ಟು ಕಂಡ ದಿನ ಸಂಬಂಧಿಕರನ್ನು ಕಂಡ ಹಾಗಾಯಿತು. ರೊಟ್ಟಿ ಬಡಿದೆ. ಬಡಿಯುವ ಸದ್ದು ಕೇಳಿ ಪಕ್ಕದ ಕೋಣೆಯ ಬಿಹಾರದ ಹೆಂಗಸು ಬಂದು ಬಾಗಿಲಲ್ಲಿ ನಿಂತಳು. ಗುರೆಳ್ಳು ಪುಡಿ ಹಚ್ಚಿ ಒಂದು ಕೊಟ್ಟೆ. ಅವಳು ಅರ್ಧ ತಿಂದು ಅರ್ಧ ಸೆರಗಿನಲ್ಲಿ ಕಟ್ಟಿಕೊಂಡು ಹೋದಳು. ಇಷ್ಟವಾಯಿತೋ ಇಲ್ಲವೋ ಈಗಲೂ ಗೊತ್ತಿಲ್ಲ.

ಎರಡನೆಯ ಚಳಿಗಾಲ ಮುಗಿಯುವಾಗ ಕಂಪನಿ ನಮ್ಮ ವಿಭಾಗವನ್ನೇ ಮುಚ್ಚಿತು. ಒಂದು ಮಧ್ಯಾಹ್ನ ಸಭೆ ಕರೆದರು. ಇನ್ನು ಮುಂದೆ ಈ ಕೆಲಸವನ್ನು ಹೊರಗಿನ ಒಂದು ಸಂಸ್ಥೆ ಮಾಡುತ್ತದೆ, ನಿಮ್ಮ ಸೇವೆಗೆ ಧನ್ಯವಾದ ಎಂದರು. ಗುರುತಿನ ಚೀಟಿ ವಾಪಸು ತೆಗೆದುಕೊಂಡರು. ಹೊರಗೆ ಬಂದು ನಿಂತವರಲ್ಲಿ ನಮ್ಮ ಪಾಳಿಯ ಮುಖ್ಯಸ್ಥ ನೇಗಿ ಸರ್ ಕೂಡ ಇದ್ದರು. ಗಢವಾಲದ ಬೆಟ್ಟದ ಕಡೆಯವರು, ಐವತ್ತು ದಾಟಿದವರು, ಮಾತು ಕಡಿಮೆ. ನನಗೆ ಎಂಸಿಆರ್ ಕೆಲಸ ಕಲಿಸಿದವರು ಅವರೇ. ಜನರೆಲ್ಲ ಅಳುತ್ತಿದ್ದಾಗ ಅವರು ನನ್ನನ್ನು ನೋಡಿ, "ರೆಸ್ಯೂಮ್ ಇದೆಯಾ?" ಎಂದು ಕೇಳಿದರು.

ಇತ್ತು. ಕೊಟ್ಟೂರಿನ ಸೈಬರ್ ಅಂಗಡಿಯಲ್ಲಿ ಮಾಡಿಸಿದ್ದು. ಮರುದಿನ ಆಫೀಸಿನ ಹಿಂದಿನ ಚಹಾದ ಗಾಡಿಯ ಹತ್ತಿರ ಅದನ್ನು ಅವರ ಕೈಗೆ ಕೊಟ್ಟೆ. ಎರಡು ಹಾಳೆ. ಮೇಲೆ ನನ್ನ ಫೋಟೋ. ನಂತರ "ಸಂಸ್ಥೆಯ ಏಳಿಗೆಗಾಗಿ ಶ್ರಮಿಸುವುದು ನನ್ನ ಗುರಿ" ಎಂಬರ್ಥದ ಇಂಗ್ಲಿಷ್ ವಾಕ್ಯ. ಗಂಡನ ಹೆಸರು, ಹುಟ್ಟಿದ ದಿನ, ಧರ್ಮ, ಹವ್ಯಾಸ: ಪುಸ್ತಕ ಓದುವುದು, ಹಾಡು ಕೇಳುವುದು. ಕೊನೆಗೆ ಮೇಲಿನದೆಲ್ಲ ಸತ್ಯ ಎಂಬ ಪ್ರಮಾಣ. ನೇಗಿ ಸರ್ ಪೆನ್ನು ತೆಗೆದು ಮೊದಲು ಫೋಟೋ ಹೊಡೆದುಹಾಕಿದರು. ಗುರಿ ಹೋಯಿತು, ಧರ್ಮ ಹೋಯಿತು, ಹವ್ಯಾಸ ಹೋಯಿತು.

"ಇದನ್ನು ಮೊದಲು ಮನುಷ್ಯರು ಓದುವುದಿಲ್ಲ ಬೇಟಾ," ಎಂದರು ಹಿಂದಿಯಲ್ಲಿ. "ಕಂಪ್ಯೂಟರು ಸೋಸುತ್ತದೆ. ಅದಕ್ಕೆ ಬೇಕಾದ ಮಾತು ಮೇಲಿರಬೇಕು. ಯಾವ ಯಂತ್ರ ನಡೆಸಿದೆ, ಯಾವ ಸಾಫ್ಟ್‌ವೇರು, ಎಷ್ಟು ಚಾನೆಲ್ಲು. ಒಂದೇ ಹಾಳೆ."

ನನ್ನ ಕೆಲಸದ ಬಗ್ಗೆ ನಾನು ಬರೆದದ್ದು ಒಂದೇ ವಾಕ್ಯ: ಪರದೆಗಳನ್ನು ನೋಡಿಕೊಳ್ಳುವ ಜವಾಬ್ದಾರಿ. ಅದರ ಕೆಳಗೆ ಗೆರೆ ಎಳೆದು ಕೇಳಿದರು, "ನೋಡುವುದಾ? ಈ ದೀಪದ ಕಂಬವೂ ಬೆಳಗಿನಿಂದ ನೋಡುತ್ತಾ ನಿಂತಿದೆ. ನೀನು ಏನು ಮಾಡಿದೆ?"

ಅವರೇ ನೆನಪಿಸಿದರು. ಮಳೆಗಾಲದ ಒಂದು ಸಂಜೆ ಮೋಡ ದಟ್ಟವಾಗಿ ಉಪಗ್ರಹದಿಂದ ಬರುವ ಚಿತ್ರ ಒಡೆಯತೊಡಗಿತ್ತು. ಮುಖ್ಯ ವಾರ್ತೆ ಶುರುವಾಗುವ ಹೊತ್ತು. ನಾನು ಯಾರನ್ನೂ ಕೇಳದೆ ನೆಲದಡಿಯ ಫೈಬರ್ ಕೇಬಲ್ಲಿನ ದಾರಿಗೆ ಹೊರಳಿಸಿದ್ದೆ, ನೋಡುವವರಿಗೆ ಗೊತ್ತೇ ಆಗಿರಲಿಲ್ಲ. "ಅದನ್ನು ಬರಿ. ಏನು ಕೆಟ್ಟಿತು, ಏನು ಮಾಡಿದೆ, ಏನಾಯಿತು. ಹೀಗೆ ನಾಲ್ಕು."

ಆಮೇಲೆ ಅವರ ಪೆನ್ನು ಗಂಡನ ಹೆಸರಿನ ಹತ್ತಿರ ನಿಂತಿತು. ಅಲ್ಲಿ "ದಿವಂಗತ ವೀರೇಶ" ಎಂದಿತ್ತು.

"ಇದು ಇರಲಿ ಸರ್," ಎಂದೆ.

"ಇದನ್ನು ನೋಡಿದವನು ನಿನ್ನ ಕೆಲಸ ಓದುವುದಿಲ್ಲ. ಒಂಟಿ ಹೆಂಗಸು, ಮಗು ಇರಬಹುದು, ರಾತ್ರಿ ಪಾಳಿಗೆ ಬರುವುದಿಲ್ಲ ಎಂದುಕೊಂಡು ಕೆಳಗಿಡುತ್ತಾನೆ. ಮರುಗುವವನೂ ಕೆಳಗೇ ಇಡುತ್ತಾನೆ." ಪೆನ್ನಿಗೆ ಮುಚ್ಚಳ ಹಾಕಿ, "ನಾನು ಹೊಡೆದುಹಾಕುವುದಿಲ್ಲ. ನೀನೇ ತೆಗಿ," ಎಂದರು.

ನೋಯ್ಡಾದ ಒಂದು ಸೈಬರ್ ಅಂಗಡಿಯಲ್ಲಿ ಕೂತು ತೆಗೆದೆ. ಗುಂಡಿ ಒತ್ತಿ ಹಿಡಿದರೆ ಹೆಸರು ಹಿಂದಿನಿಂದ ಒಂದೊಂದೇ ಅಕ್ಷರವಾಗಿ ಹೋಗುತ್ತದೆ. ಮೊದಲು ವೀರೇಶ ಹೋದ, ಆಮೇಲೆ ದಿವಂಗತ ಎಂಬುದು ಹೋಯಿತು. ಕೆಳಗಿನ ಸಾಲು ತಾನಾಗಿ ಮೇಲೆ ಬಂದು ಆ ಜಾಗದಲ್ಲಿ ಕೂತಿತು.

ಇಷ್ಟಾದ ಮೇಲೂ ಹಾಳೆಯಲ್ಲಿ ಒಂದು ತೂತು ಉಳಿದಿತ್ತು. ಡಿಪ್ಲೊಮಾ ಮುಗಿದ ವರ್ಷಕ್ಕೂ ನೋಯ್ಡಾದ ಕೆಲಸ ಸಿಕ್ಕ ವರ್ಷಕ್ಕೂ ನಡುವೆ ಎಂಟು ವರ್ಷ. ಕಳಿಸಿದ ಕಡೆಯಿಂದೆಲ್ಲ ಅದೇ ಪ್ರಶ್ನೆ ಬಂತು. ಹೈದರಾಬಾದಿನಿಂದ ಫೋನು ಮಾಡಿದ ಹುಡುಗಿ, "ಗ್ಯಾಪ್ ಯಾಕೆ ಮೇಡಂ?" ಎಂದು ಕೇಳಿ ನನ್ನ ಉತ್ತರ ಮುಗಿಯುವ ಮೊದಲೇ ಥ್ಯಾಂಕ್ಯೂ ಎಂದಳು. ನೇಗಿ ಸರ್ ಕೇಳಿದಾಗಲೂ, "ಏನೂ ಮಾಡಲಿಲ್ಲ ಸರ್, ಮನೆಯಲ್ಲಿದ್ದೆ" ಎಂದೆ.

"ಎಂಟು ವರ್ಷ ಸುಮ್ಮನೆ ಕೂತಿದ್ದೆಯಾ?"

ಸುಮ್ಮನೆ ಕೂತಿರಲಿಲ್ಲ. ಅಣ್ಣನ ಅಂಗಡಿಯಲ್ಲಿ ಸೆಟ್‌ಟಾಪ್ ಬಾಕ್ಸುಗಳನ್ನು ಬಿಚ್ಚಿ ರಿಪೇರಿ ಮಾಡುತ್ತಿದ್ದವಳು ನಾನೇ. ಡಿಶ್ ಕೂರಿಸುವುದಕ್ಕೆ ಅವನ ಬೈಕಿನ ಹಿಂದೆ ಕೂತು ಹರಪನಹಳ್ಳಿ ತಾಲ್ಲೂಕಿನ ಹಳ್ಳಿಗಳಿಗೂ ಹೋಗುತ್ತಿದ್ದೆ. ಅವನಿಗೆ ಮಾಳಿಗೆ ಹತ್ತಿದರೆ ತಲೆ ತಿರುಗುತ್ತಿತ್ತು. ಬಾಗಳಿಯ ಒಂದು ಮನೆಯ ಕಥೆ ಹೇಳಿದೆ. ಅಲ್ಲಿ ಪ್ರತಿ ವರ್ಷ ಯುಗಾದಿಯ ಸುಮಾರಿಗೆ ಟಿವಿ ನಿಂತುಹೋಗುತ್ತಿತ್ತು. ನೋಡಿದರೆ ಬೇವಿನ ಮರ ಚಿಗುರಿ ಡಿಶ್ಶಿಗೆ ಅಡ್ಡ ಬರುತ್ತಿತ್ತು. ಊರಮ್ಮನ ಮರ, ಕೊಂಬೆ ಕಡಿಯುವಂತಿಲ್ಲ ಎಂದು ಮನೆಯ ಮುದುಕಿ ಪಟ್ಟು ಹಿಡಿದಳು. ಕೊನೆಗೆ ಡಿಶ್ಶನ್ನು ದನದ ಕೊಟ್ಟಿಗೆಯ ಮೇಲೆ ಕೂರಿಸಿ ದಿಕ್ಕು ಹಿಡಿದೆ.

ನೇಗಿ ಸರ್ ಚಹಾದ ಲೋಟ ಕೆಳಗಿಟ್ಟರು. "ಇದು ಕೆಲಸ ಅಲ್ಲವಾ?"

"ಸಂಬಳ ಇರಲಿಲ್ಲ ಸರ್."

"ಅದನ್ನು ನಿನ್ನ ಅಣ್ಣ ಹೇಳಬೇಕು, ನೀನಲ್ಲ. ಅವನಿಂದ ಒಂದು ಅನುಭವ ಪತ್ರ ತರಿಸು. ಎಂಟು ವರ್ಷಕ್ಕೆ ಒಂದು ಸಾಲು ಸಾಕು."

ಅಂದು ಸಂಜೆ ಅಣ್ಣನಿಗೆ ಫೋನು ಮಾಡಿದೆ.

"ಅಣ್ಣಾ, ಅಂಗಡ್ಯಾಗ ನಾ ಕೆಲ್ಸ ಮಾಡಿದ್ದಕ್ಕ ಒಂದು ಪತ್ರ ಬೇಕಾಗೇತಿ."

"ಯಾವ ಕೆಲ್ಸ?"

"ಡಿಶ್ ಕೂಡ್ರಿಸಿದ್ದು. ಬಾಕ್ಸ್ ರಿಪೇರಿ ಮಾಡಿದ್ದು."

"ಅದೇನು ಕೆಲ್ಸೇನವ್ವಾ? ಮನ್ಯಾಗಿದ್ದಿ, ಕೈಗೂಡಿಸಿದಿ. ಏನಂತ ಬರಕೊಡ್ಲಿ?"

"ಎಂಟು ವರ್ಷ ಕೈಗೂಡಿಸ್ಯಾಳ ಅಂತ ಬರಿ."

"ನೋಡ್ತೀನಿ" ಎಂದು ಅಣ್ಣ ಫೋನು ಇಟ್ಟ.

ಕೆಲವು ದಿನ ಬಿಟ್ಟು ಅವನೇ ಮಾಡಿದ. ದನಿ ಮೆತ್ತಗಿತ್ತು. "ಕೊಟ್ರಮ್ಮ, ಅಂಗಡಿ ದೊಡ್ಡದು ಮಾಡಾಕ ಬ್ಯಾಂಕಿಗೆ ಅರ್ಜಿ ಹಾಕೀನಿ. ಮನಿ ಇನ್ನಾ ಅಪ್ಪನ ಹೆಸರಿನ್ಯಾಗ ಐತಿ. ನಿಂದೂ ಅವ್ವಂದೂ ಸಹಿ ಇಲ್ಲದ ಆಗಂಗಿಲ್ಲಂತ. ನೀ ಬಂದು ಹಕ್ಕು ಬಿಡುಗಡಿ ಪತ್ರಕ್ಕ ಒಂದು ಸಹಿ ಹಾಕಿಬಿಡು. ನಿನ್ನ ಪತ್ರಾನೂ ಟೈಪ್ ಮಾಡಿಸಿ ಇಟ್ಟಿರ್ತೀನಿ."

ಎರಡೂ ಮಾತು ಒಂದೇ ಉಸಿರಿನಲ್ಲಿ ಬಂದವು. ಇದಕ್ಕೆ ಅದು ಎಂದು ಅವನು ಹೇಳಲಿಲ್ಲ. ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು. ನಮ್ಮ ಅಣ್ಣ ಕೆಟ್ಟವನಲ್ಲ. ಜನ ಟಿವಿ ರಿಪೇರಿಗೆ ತರುವುದನ್ನೇ ಬಿಟ್ಟಿದ್ದರು. ಮೊಬೈಲು, ಸಿಸಿಟಿವಿ ಕ್ಯಾಮೆರಾ ಇಡದಿದ್ದರೆ ಅಂಗಡಿ ಉಳಿಯುತ್ತಿರಲಿಲ್ಲ. ನನ್ನ ಮಗಳು ಅವನ ಮನೆಯಲ್ಲಿ, ಅವನ ಮಕ್ಕಳ ಜೊತೆ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದಳು. ಇದನ್ನೆಲ್ಲ ನನಗೆ ನಾನೇ ಹೇಳಿಕೊಳ್ಳುತ್ತಾ ಗುಂತಕಲ್ಲಿನವರೆಗೆ ರೈಲಿನಲ್ಲಿ ಬಂದೆ, ಅಲ್ಲಿಂದ ಬಳ್ಳಾರಿ, ಆಮೇಲೆ ಕೂಡ್ಲಿಗಿ ಬಸ್ಸು.

ಕೂಡ್ಲಿಗಿಯ ನೋಂದಣಿ ಕಚೇರಿಯಲ್ಲಿ ನಮ್ಮ ಸರದಿ ಬರುವವರೆಗೆ ಅವ್ವ ನನ್ನ ಪಕ್ಕ ಕೂತಿದ್ದಳು. ಫೋಟೋ ತೆಗೆದರು, ಹೆಬ್ಬೆರಳು ಒತ್ತಿಸಿಕೊಂಡರು, ಸಹಿ ಹಾಕಿಸಿಕೊಂಡರು. ಗುಮಾಸ್ತ ಓದಿ ಹೇಳಿದ: ಸ್ವಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ. ಹೊರಗೆ ಬಂದ ಮೇಲೆ ಅಣ್ಣ ನನ್ನ ಪತ್ರ ಕೊಟ್ಟ. ಇಂಗ್ಲಿಷಿನಲ್ಲಿ ಚೆನ್ನಾಗಿಯೇ ಟೈಪ್ ಮಾಡಿಸಿದ್ದ. ಅಂಗಡಿಯ ಠಸ್ಸೆ, ಅವನ ಸಹಿ, ಎಂಟು ವರ್ಷದ ಮೊದಲ ತಾರೀಖು, ಕೊನೆಯ ತಾರೀಖು. ಕೊನೆಯಲ್ಲಿ, ಈಕೆಯ ನಡತೆ ಉತ್ತಮವಾಗಿತ್ತು.

ಅಣ್ಣ ಬ್ಯಾಂಕಿಗೆ ಹೋದ. ನಾನೂ ಅವ್ವನೂ ಬಸ್ ನಿಲ್ದಾಣದಲ್ಲಿ ಕೂತೆವು. ಅವ್ವ ಆಗ ಬಾಯಿ ಬಿಟ್ಟಳು.

"ಬ್ಯಾಡ ಅನ್ನಬೇಕಾಗಿತ್ತು ನೀನು."

"ನೀನೂ ಸಹಿ ಹಾಕಿದೆಲ್ಲ ಅವ್ವಾ?"

"ನಾ ಅನ್ನಾಕ ಆಗ್ತಿದ್ದಿಲ್ಲ. ನಾ ಅಲ್ಲೇ ಉಣ್ಣಾಕಿ. ನೀ ಅಂದಿದ್ರ ನಿನ್ನ ಹಿಂದ ನಾನೂ ನಿಂದರ್ತಿದ್ದೆ."

ನಾನು ನೋಯ್ಡಾದಿಂದ ಅಷ್ಟು ದೂರ ಬಂದದ್ದು ನನ್ನ ಪತ್ರಕ್ಕಾಗಿ. ಅವ್ವ ನನ್ನ ಬಾಯಿಂದ ಒಂದು ಮಾತು ಬರುತ್ತದೆ ಎಂದು ಕಾದಿದ್ದಳು. ಅದು ನನಗೆ ಹೊಳೆದೇ ಇರಲಿಲ್ಲ.

ಪತ್ರ ನೋಡಿ ನೇಗಿ ಸರ್‌ಗೆ ಸಂತೋಷವಾಯಿತು. "ನಿನ್ನ ಅಣ್ಣ ಒಳ್ಳೆಯವನು," ಎಂದರು. ಹೌದು ಸರ್ ಎಂದೆ. ರೆಸ್ಯೂಮಿನಲ್ಲಿ ಆ ತೂತು ಮುಚ್ಚಿತು: ಗ್ರಾಮೀಣ ಪ್ರದೇಶದಲ್ಲಿ ಉಪಗ್ರಹ ಸ್ವೀಕಾರ ಉಪಕರಣಗಳ ಅಳವಡಿಕೆ ಮತ್ತು ದುರಸ್ತಿ, ಎಂಟು ವರ್ಷ. ಈಗ ಪ್ರಸಾರವೆಲ್ಲ ಕಂಪ್ಯೂಟರ್ ಜಾಲದ ಮೇಲೆ ಹೋಗುತ್ತಿದೆ ಎಂದು ಅವರು ಹೇಳಿದ್ದಕ್ಕೆ ಆನ್‌ಲೈನಿನಲ್ಲಿ ನೆಟ್‌ವರ್ಕಿಂಗ್ ಪಾಠವನ್ನೂ ಮಾಡಿ ಅದೊಂದು ಸಾಲು ಸೇರಿಸಿದೆ. ಆ ಹಾಳೆ ನನ್ನದೇ ಆದರೂ ಓದಿದರೆ ಯಾರೋ ಗಟ್ಟಿ ಹೆಂಗಸಿನ ಬಗ್ಗೆ ಬರೆದ ಹಾಗಿತ್ತು.

ಮಳೆಗಾಲ ಹಿಡಿಯುವ ಹೊತ್ತಿಗೆ ಒಂದು ಸಂಸ್ಥೆಯಿಂದ ಸಂದರ್ಶನಕ್ಕೆ ಕರೆ ಬಂತು. ಹತ್ತಾರು ಚಾನೆಲ್ಲುಗಳನ್ನು ಒಂದೇ ದೊಡ್ಡ ಹಾಲಿನಲ್ಲಿ ಕೂತು ಪ್ರಸಾರ ಮಾಡಿಕೊಡುವ ಸಂಸ್ಥೆ ಅದು. ಹೋಗಿ ನೋಡಿದರೆ ಕಾಯುವ ಜಾಗದಲ್ಲಿ ನೇಗಿ ಸರ್ ಕೂತಿದ್ದರು. ಕ್ಷೌರ ಮಾಡಿಸಿಕೊಂಡು, ಕೂದಲಿಗೆ ಬಣ್ಣ ಹಚ್ಚಿಕೊಂಡು ಬಂದಿದ್ದರು. ಕಿವಿಯ ಹತ್ತಿರ ಚರ್ಮಕ್ಕೂ ಸ್ವಲ್ಪ ಬಣ್ಣ ತಾಗಿತ್ತು. ಇದ್ದದ್ದು ಒಂದೇ ಹುದ್ದೆ.

"ನಾನು ಹೋಗಿಬಿಡ್ತೀನಿ ಸರ್," ಎಂದೆ.

"ಕೂತ್ಕೋ," ಎಂದರು. "ಹುಚ್ಚಿ ಹಾಗೆ ಮಾಡಬೇಡ."

ಒಳಗೆ ಇಬ್ಬರಿದ್ದರು. ಒಬ್ಬ ಯಂತ್ರಗಳ ಬಗ್ಗೆ ಕೇಳಿದ, ಉತ್ತರ ಹೇಳಿದೆ. ಹಳ್ಳಿಯ ಆ ಸಾಲಿನ ಮೇಲೆ ಬೆರಳಿಟ್ಟು ಕೇಳಿದ, ಬೇವಿನ ಮರದ ಕಥೆ ಹೇಳಿದೆ, ನಕ್ಕ. ಇನ್ನೊಬ್ಬಳು ಸಿಬ್ಬಂದಿ ವಿಭಾಗದವಳು. "ರಾತ್ರಿ ಪಾಳಿ ಮಾಡ್ತೀರಾ?" ಮಾಡ್ತೀನಿ. "ಮನೆಯಲ್ಲಿ ಯಾರಿದ್ದಾರೆ?"

"ಯಾರೂ ಇಲ್ಲ," ಎಂದೆ.

ಸುಳ್ಳೇನಲ್ಲ. ನೋಯ್ಡಾದ ನನ್ನ ಕೋಣೆಯಲ್ಲಿ ಯಾರೂ ಇರಲಿಲ್ಲ. ಆದರೂ ಆ ಮಾತು ಹೇಳಿ ಮುಗಿಸಿದ ಮೇಲೆ ಮೇಜಿನ ಮೇಲಿದ್ದ ನೀರನ್ನು ಕೇಳದೆಯೇ ಎತ್ತಿ ಕುಡಿದೆ.

ಕೆಲಸ ನನಗೆ ಸಿಕ್ಕಿತು. ತಿಳಿಸಬೇಕೋ ಬೇಡವೋ ಎಂದು ಒದ್ದಾಡಿ ಕೊನೆಗೆ ನೇಗಿ ಸರ್‌ಗೆ ಫೋನು ಮಾಡಿದೆ. ಅವರಿಗೆ ಆಗಲೇ ಗೊತ್ತಿತ್ತು. "ನಾನು ಹಳೆಯ ಸಂಬಳ ಕೇಳಿದೆ. ನೀನು ಅವರು ಕೊಟ್ಟಷ್ಟಕ್ಕೆ ಒಪ್ಪಿದೆ," ಎಂದರು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಒಳ್ಳೆಯದಿತ್ತು. ಅವರು ಮನೆ ಖಾಲಿ ಮಾಡಿ ಬೆಟ್ಟದ ಬುಡದ ಕೋಟದ್ವಾರಕ್ಕೆ ಹೋದರು, ಅಲ್ಲಿ ಅವರ ಭಾವಮೈದುನನ ಇನ್ವರ್ಟರ್ ಅಂಗಡಿ ಇದೆ. ಬೆಟ್ಟದ ಮೇಲಿನ ಅವರ ಊರಿನಲ್ಲಿ ಈಗ ಯಾರೂ ಉಳಿದಿಲ್ಲವಂತೆ. ಮೊದಮೊದಲು ಹಬ್ಬಕ್ಕೆ ಮೆಸೇಜು ಹಾಕುತ್ತಿದ್ದರು. ಈಗ ನಾನು ಹಾಕಿದ್ದನ್ನು ನೋಡಿದ ಗುರುತು ಮಾತ್ರ ಬರುತ್ತದೆ.

ಹೊಸ ಹಾಲಿನಲ್ಲಿ ಪರದೆಗಳು ಎಷ್ಟಿವೆ ಎಂದು ನಾನು ಎಣಿಸಲು ಹೋಗಿಲ್ಲ. ಅವುಗಳಲ್ಲಿ ಒಂದು ಕನ್ನಡದ ಭಕ್ತಿ ಚಾನೆಲ್ಲು. ಸೇರಿದ ಹೊಸದರಲ್ಲಿ ಅದರಲ್ಲಿ ಶಿವನ ಚಿತ್ರಕ್ಕೆ ತೆಲುಗು ಪ್ರವಚನ ಹೋಗುತ್ತಿತ್ತು. ಅಷ್ಟು ಜನ ಇದ್ದರೂ ಯಾರಿಗೂ ಗೊತ್ತಾಗಿರಲಿಲ್ಲ, ಧ್ವನಿಯ ಪಟ್ಟಿ ಹಸಿರಾಗಿ ಕುಣಿಯುತ್ತಿತ್ತಲ್ಲ, ಸಾಕು. ನಾನು ಸರಿಪಡಿಸಿದೆ. ಅಂದಿನಿಂದ ಆ ಮೂಲೆಯ ಕುರ್ಚಿ ನನ್ನದಾಯಿತು. ಹೆಡ್‌ಫೋನ್ ಹಾಕಿಕೊಂಡರೆ ಕನ್ನಡ, ತೆಗೆದರೆ ಯಂತ್ರಗಳ ಗುಂಯ್ ಸದ್ದು.

ವರ್ಷ ತುಂಬಿ ಕೆಲಸ ಕಾಯಂ ಆಯಿತು. ಹಿಂದಿನದಕ್ಕಿಂತ ದೊಡ್ಡ ಕೋಣೆ ಹಿಡಿದೆ. ಹತ್ತಿರದ ಶಾಲೆಯಲ್ಲಿ ಪಲ್ಲವಿಗೆ ಸೀಟು ಕೇಳಿದೆ. ಅರ್ಜಿಯಲ್ಲಿ 'ತಾಯಿ' ಎಂಬ ಜಾಗದಲ್ಲಿ ಮೊದಲ ಬಾರಿಗೆ ಧೈರ್ಯವಾಗಿ ನನ್ನ ಹೆಸರು ಬರೆದೆ. ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿದ ಮೇಲೆ ಪಲ್ಲವಿಯನ್ನು ಕರೆದುಕೊಂಡು ಬರಲು ಕೊಟ್ಟೂರಿಗೆ ಹೋದೆ.

ಅಂಗಡಿ ಗುರುತು ಸಿಗಲಿಲ್ಲ. ಮುಂದೆ ಗಾಜು, ಒಳಗೆ ಬೆಳ್ಳಗೆ ದೀಪ, ಸಾಲಾಗಿ ಮೊಬೈಲುಗಳು. ಅಪ್ಪನ ಬೆಸುಗೆಯ ಮೇಜು ಹಿತ್ತಲಿನಲ್ಲಿ ಮಳೆ ನೀರಿಗೆ ಉಬ್ಬಿ ನಿಂತಿತ್ತು. ಅಣ್ಣ ಎದ್ದು ಬಂದು ಬ್ಯಾಗು ಇಸಿದುಕೊಂಡ. "ಬಾರವ್ವಾ," ಎಂದ. ಅತಿಥಿಗೆ ಅಂದ ಹಾಗೆ ಕೇಳಿಸಿತೋ, ನನಗೇ ಹಾಗನ್ನಿಸಿತೋ.

ಪಲ್ಲವಿ ನನ್ನ ಭುಜಕ್ಕೆ ಬಂದಿದ್ದಳು. ಊಟವಾದ ಮೇಲೆ ಮೊಬೈಲಿನಲ್ಲಿ ಶಾಲೆಯ ಫೋಟೋ ತೋರಿಸಿದೆ, ಕೋಣೆಯ ಫೋಟೋ ತೋರಿಸಿದೆ. ಎಲ್ಲ ನೋಡಿ ಕೇಳಿದಳು.

"ರಾತ್ರಿ ನೀ ಕೆಲ್ಸಕ್ಕ ಹೋದ್ರ ನನ್ನ ಸಂಗಾಟ ಯಾರ ಇರ್ತಾರ?"

"ಬಾಜೂ ಕೋಣ್ಯಾಗ ಒಬ್ರು ಆಂಟಿ ಅದಾರ. ಅವರತ್ರ ಮಲಗಿದ್ರ ಆತು."

"ಅವ್ರಿಗೆ ಕನ್ನಡ ಬರ್ತೈತೇನು?"

"ಇಲ್ಲ. ನೀ ಹಿಂದಿ ಕಲೀತಿ, ಜಲ್ದಿ ಬರ್ತೈತಿ."

"ನನಗ ರಾತ್ರಿ ಕನಸು ಬಿದ್ರ ಅಜ್ಜಿ ಕಾಲು ಮುಟ್ಟಿ ನೋಡ್ತೀನಿ," ಎಂದಳು. "ಅಲ್ಲಿ ಯಾರ ಕಾಲು ಮುಟ್ಲಿ?"

ಪಲ್ಲವಿ ಅಳಲಿಲ್ಲ, ಹಟವನ್ನೂ ಮಾಡಲಿಲ್ಲ. ದೊಡ್ಡವರು ಹೇಳುವ ಹಾಗೆ ಹೇಳಿದಳು: "ನೀ ಬೇಕಾದ್ರ ಬಾ ಅಮ್ಮ. ನಮ್ಮನಿ ಐತೆಲ್ಲ ಇಲ್ಲಿ. ನಾ ಎಲ್ಲಿಗೂ ಬರಂಗಿಲ್ಲ."

ಅವ್ವ ಗೋಡೆಗೆ ಒರಗಿ ಕೂತು ನನ್ನನ್ನೇ ನೋಡುತ್ತಿದ್ದಳು. ಅಣ್ಣ ಇನ್ನೂ ಉಣ್ಣುತ್ತಿದ್ದ, ತಟ್ಟೆಯಿಂದ ತಲೆ ಎತ್ತಲಿಲ್ಲ. ನಮ್ಮನೆ ಎಂದ ಆ ಮಾತನ್ನು ಯಾರೂ ತಿದ್ದಲಿಲ್ಲ. ಅಷ್ಟರಮಟ್ಟಿಗೆ ಎಲ್ಲರೂ ನನ್ನ ಮೇಲೆ ದಯೆ ತೋರಿಸಿದರು.

ಅವಳನ್ನು ಎಳೆದುಕೊಂಡು ಹೋಗಬಹುದಿತ್ತು. ತಾಯಿಯ ಹಕ್ಕು ಯಾವ ಪತ್ರದಲ್ಲೂ ಬಿಡುಗಡೆಯಾಗಿರಲಿಲ್ಲ. ಆದರೆ ಆ ಕೋಣೆ, ಆ ಗೋಡೆ, ಎಂಟು ಗಂಟೆಗೂ ಬೆಳಕು ಹರಿಯದ ಆ ಬೆಳಗು ನೆನಪಾಯಿತು. ರಾತ್ರಿ ಪಾಳಿ ಮುಗಿಸಿ ನಾನು ಬರುವ ಹೊತ್ತಿಗೆ ಅವಳು ಶಾಲೆಗೆ ಹೋಗಿರುತ್ತಾಳೆ. "ಮುಂದಿನ ವರ್ಷ ಪರೀಕ್ಷಿ ಮುಗದ ಮ್ಯಾಲ ನೋಡೂಣು," ಎಂದೆ. ಮುಂದಿನ ವರ್ಷ ಎಂಬ ಮಾತು ಅವಳಿಗೂ ಸಮಾಧಾನ ತಂದಿತು, ನನಗೂ.

ಹೊರಡುವ ದಿನ ಬೆಳಗ್ಗೆ ನಾನು ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದೆ. ಪಲ್ಲವಿ ಬಂದು ನನ್ನ ಎರಡು ಸೀರೆ, ಒಂದು ನೈಟಿ ಹೊರಗೆ ತೆಗೆದಳು. "ಇವು ಇಲ್ಲೇ ಇರ್ಲಿ. ಪ್ರತಿಸಲ ಹೊತ್ಕೊಂಡು ಯಾಕ ಬರ್ತಿ?" ಎಂದಳು. ಅವಳದೂ ಅಣ್ಣನ ಮಕ್ಕಳದೂ ಬಟ್ಟೆ ಇಡುವ ಅಲಮಾರಿ ತೆಗೆದು, ತನ್ನ ಪುಸ್ತಕಗಳನ್ನು ಕೆಳಗೆ ಸರಿಸಿ, ಮೇಲಿನ ಖಾನೆ ಖಾಲಿ ಮಾಡಿ ಕೈಯಿಂದ ದೂಳು ಒರೆಸಿದಳು. ಸೀರೆಗಳನ್ನು ಅಂಚು ಕೂಡಿಸಿ ಮಡಿಸಿಟ್ಟಳು.

"ಈ ಖಾನಿ ನಿಂದು," ಎಂದಳು. "ಯಾರೂ ಮುಟ್ಟಂಗಿಲ್ಲ. ನಾ ಹೇಳ್ತೀನಿ ಎಲ್ಲಾರಿಗೂ."

ನಾನು ಅಲ್ಲಿ ನಿಂತು ಆ ಖಾನೆಯನ್ನು ನೋಡಿದೆ. ಆಮೇಲೆ ಅವಳಿಗಾಗಿ ನೋಯ್ಡಾದಲ್ಲಿ ಕೊಂಡು ತಂದಿದ್ದ ದಪ್ಪ ಸ್ವೆಟರನ್ನು ಬ್ಯಾಗಿನ ತಳದಿಂದ ತೆಗೆದು, ಕೊಟ್ಟೂರಿನ ಆ ಬಿಸಿಲಿನಲ್ಲಿ, ನನ್ನ ಸೀರೆಗಳ ಪಕ್ಕದಲ್ಲಿ ಇಟ್ಟೆ. ಅವಳು ಬಾಗಿಲು ಹಾಕಿದಳು.